ನಾಲ್ಕನೆಯ ಕಾಲು

ಘೋಡಗೇರಿಯ ಮುದುಕ ಬಡಿಗರೊಬ್ಬರು ಯಾವ ಸಾಮಾನು ಕಂಡರೂ ಮೊದಲು ಅದರ ಅಡಿಗೆ ಕೈ ಹಾಕುತ್ತಿದ್ದರು. ಯಾಕೆಂದು ಕೇಳಿದರೆ, "ಮ್ಯಾಲಿಂದು ಮಾಲಕರದು, ಕೆಳಗಿಂದು ಬಡಿಗ್ಯಾರದು" ಅನ್ನುವರು.

ಹುಕ್ಕೇರಿಯ ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ತೇಗದ ಮಂಚವಿತ್ತು. ಅದು ಕೊಲ್ಲಾಪುರದ ಕೆಲಸವೆಂದು ಅಜ್ಜನ ಹೆಮ್ಮೆ. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದ ವರ್ಷ ಅದರ ಒಂದು ಕಾಲು ಸಡಿಲಾಯಿತೆಂದು ಅಜ್ಜ ಆ ಬಡಿಗರನ್ನು ಕರೆಸಿದರು. ಅಂದೇ ಗೋಕಾಕದ ಬೀಗರೂ ಬಂದಿದ್ದರು. ಬಡಿಗರು ರುಮಾಲು ತೆಗೆದಿಟ್ಟು, ಮಂಚದಡಿ ಅಂಗಾತ ಮಲಗಿ, ಒಂದೊಂದೇ ಕಾಲಿನ ಜೋಡಣೆಯನ್ನು ಬೆರಳಿನಿಂದ ತಡವಿದರು. ನಾಲ್ಕನೆಯ ಕಾಲಿನ ಹತ್ತಿರ ಕೈ ನಿಂತಿತು.

"ಇಂಥಾ ಕೈಗುಣ ನಮ್ಮ ಕಡೆ ಎಲ್ಲಿ ಐತಿ? ಕೊಲ್ಲಾಪುರದ್ದ ಹೌದಲ್ಲೋ?" ಅಜ್ಜ ಬೀಗರಿಗೆ ಕೇಳುವಂತೆ ಕೂಗಿದರು.

"ಮಾಡಿದಾಂವ ಭಾಳ ಶಾಣ್ಯಾ ಇದ್ದನ್ರಿ" ಎಂದಷ್ಟೇ ಕೆಳಗಿನಿಂದ ಉತ್ತರ ಬಂತು. ಅಜ್ಜ ಮತ್ತೂ ಅರ್ಧ ತಾಸು ಮಂಚ ಮಾಡಿದ ಆ ಕಾರಾಗೀರನನ್ನು ಹೊಗಳಿದರು.

ಸಡಿಲಾದ ಕಾಲು ಬಿಗಿದು ಬಡಿಗರು ಹೊರಟಾಗ ನಾನು ಬಾಗಿಲಲ್ಲಿ ಕೇಳಿದೆ, "ಕಾಕಾ, ಅಲ್ಲಿ ಏನ್ ಸಿಕ್ತು?"

"ಕಾಲು ಅದಲಬದಲ ಆಗಬಾರ್ದಂತ ಎಲ್ಲಾ ಬಡಿಗ್ಯಾರೂ ಒಂದು, ಎರಡು, ಮೂರು, ನಾಲ್ಕು ಗೀರು ಹಾಕ್ತಾರ, ತಂಗೆವ್ವಾ. ನಮ್ಮಪ್ಪ ಮಾತ್ರ ನಾಲ್ಕನೇದಕ್ಕ ಜ್ವಾಳದ ತೆನಿ ಕೊರೀತಿದ್ದ. ಇಲ್ಲೂ ಅದ ಐತಿ."

"ಮತ್ತ ಅಜ್ಜಾಗ ಯಾಕ ಹೇಳಲಿಲ್ರಿ?"

ಅವರು ಹತಾರದ ಚೀಲ ಹೆಗಲಿಗೇರಿಸಿದರು. "ನಮ್ಮಪ್ಪನ್ನ ಯಾರರೆ ಹಿಂಗ ಹೊಗಳಿದ್ದು ನಾ ಇವತ್ತ ಮೊದಲ ಸಲ ಕೇಳಿದ್ನಿ. ನಡುವ ಯಾಕ ಬಾಯಿ ಹಾಕ್ಲಿ?"