ನೆರಿಡಾ ಖಾಲಿ ಬಿಟ್ಟ ಪುಟ

ಹೋಬಾರ್ಟ್‌ನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದ ನೆರಿಡಾ ಪಾಸ್ಕೋ, ಶುಕ್ರವಾರ ಬಂತೆಂದರೆ ಕ್ಲಬ್ಬಿನಲ್ಲಿ ಸ್ಯಾಕ್ಸೋಫೋನ್ ಹಿಡಿದು ಜಾಝ್ ನುಡಿಸುತ್ತಿದ್ದಳು. ಉಬ್ಬಸ ಶುರುವಾಗಿ ಊದುವುದು ನಿಂತಿತು. ನಿಂತರೇನು, ಏಳು ವರ್ಷ ಕೂತು ಸ್ಯಾಕ್ಸೋಫೋನಿಗೂ ನಮ್ಮೂರ ಆರ್ಕೆಸ್ಟ್ರಾಕ್ಕೂ ಒಂದು ಕನ್ಚರ್ಟೊ, ಅಂದರೆ ಒಂದೇ ವಾದ್ಯ ಮುಂದೆ ನಿಂತು ಉಳಿದವರೆಲ್ಲ ಜೊತೆ ನುಡಿಸುವ ದೊಡ್ಡ ಕೃತಿ, ಬರೆದಳು. ಪಿಟೀಲುಗಳಿಗೆ ಶಾಸ್ತ್ರೀಯದ ಶಿಸ್ತು, ಸ್ಯಾಕ್ಸೋಫೋನಿಗೆ ಜಾಝಿನ ಪುಂಡಾಟ. ನಾನು ಆ ಆರ್ಕೆಸ್ಟ್ರಾದಲ್ಲಿ ಪಿಟೀಲಿನ ಅಕ್ಕನಂಥ ವಯೋಲಾ ನುಡಿಸುವವಳು. ಹೊಗಳುವ ಚಟ ನನಗಿಲ್ಲ, ಆದರೂ ಹೇಳುತ್ತೇನೆ, ಚೆನ್ನಾಗಿತ್ತು.

ತಕರಾರು ಹುಟ್ಟಿದ್ದು ನಡುವಿನ ಒಂದು ಪುಟದಿಂದ. ಅಲ್ಲಿ ಸ್ಯಾಕ್ಸೋಫೋನಿಗೆ ಒಂದು ಸ್ವರವನ್ನೂ ಬರೆದಿರಲಿಲ್ಲ. ಮೇಲೆ ಸ್ವರಮೇಳಗಳ ಹೆಸರು, ಕೆಳಗೆ ಬರೀ ಗೆರೆ. ಕ್ಲಬ್ಬಿನವರ ಪದ್ಧತಿಯೇ ಅದು, ಆ ಗಳಿಗೆಗೆ ತೋಚಿದ್ದನ್ನು ನುಡಿಸಬೇಕು.

ಮೆಲ್ಬರ್ನ್‌ನಿಂದ ಸ್ಯಾಕ್ಸೋಫೋನ್ ನುಡಿಸಲು ಕರೆಸಿದ್ದ ಇಮೋಜೆನ್ ಸಂಗೀತ ಕಾಲೇಜಿನ ಚಿನ್ನದ ಪದಕದವಳು. ಕಛೇರಿಯ ಹಿಂದಿನ ದಿನದ ತಾಲೀಮಿನಲ್ಲಿ ಆ ಪುಟಕ್ಕೆ ಬಂದು ನಿಂತೇಬಿಟ್ಟಳು.

"ಇಲ್ಲಿನ ಸ್ವರ ಆಮೇಲೆ ಕಳಿಸ್ತೀರಿ ಅಂದ್ಕೊಂಡಿದ್ದೆ ಮೇಡಂ."

"ಕಳ್ಸೋಕೇನಿದೆ? ಅದು ನಿನ್ನ ಜಾಗ ಕಣಮ್ಮಾ. ಏನನ್ಸುತ್ತೋ ನುಡ್ಸು."

"ನಂಗೇನೂ ಅನ್ನಿಸ್ತಿಲ್ವಲ್ಲ!" ಹುಡುಗಿ ಪುಟ ತಿರುಗಿಸಿ ಹಿಂಬದಿಯನ್ನೂ ನೋಡಿದಳು.

ನಮ್ಮನ್ನೆಲ್ಲ ನುಡಿಸುವ ಅಲಸ್ಟೇರ್ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟ. "ನೆರಿಡಾ, ನಾಳೆ ಬೆಳಿಗ್ಗೆ ಹತ್ತಕ್ಕೆ ಆ ಪುಟ ತುಂಬಿರ್ಬೇಕು. ಇಲ್ಲಾಂದ್ರೆ ನಿನ್ನ ಕನ್ಚರ್ಟೊ ಕೈಬಿಟ್ಟು ಬೇರೇನಾದ್ರೂ ನುಡಿಸ್ತೀವಿ."

"ತುಂಬಿದ್ರೆ ಅದು ನನ್ನ ಕನ್ಚರ್ಟೊನೇ ಅಲ್ಲ."

"ಹಾಗಾದ್ರೆ ಬೇಡ ಬಿಡು."

ಅಲಸ್ಟೇರ್ ಸ್ವರಪುಸ್ತಕ ಮುಚ್ಚಿದ. ಹಾಳು ಬಾಯಿ ನನ್ನದು, ಸುಮ್ಮನಿರಬಾರದಿತ್ತೆ? "ಬರ್ದ್ಬಿಡೇ ಪುಣ್ಯಾತ್ಗಿತ್ತಿ, ಏಳು ವರ್ಷ ಮಣ್ಣುಪಾಲು ಮಾಡ್ಬೇಡ" ಅಂದೆ. ನೆರಿಡಾ ನನ್ನನ್ನೇ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೆಳಿಗ್ಗೆ ಪುಟ ತುಂಬಿಸಿ ತಂದಳು. ಇಮೋಜೆನ್ ಕೈಗೆ ಕೊಟ್ಟು ಹೋಗಿ ಹಿಂದಿನ ಸಾಲಿನಲ್ಲಿ ಕೂತಳು.

ಕಛೇರಿಯಲ್ಲಿ ಆ ಜಾಗ ಹತ್ತಿರ ಬಂದಂತೆಲ್ಲ ನನ್ನ ಕಣ್ಣು ಹಾಳೆ ಬಿಟ್ಟು ಇಮೋಜೆನ್ ಕಡೆಗೇ ಹೋಗತೊಡಗಿತು. ಇಮೋಜೆನ್ ಎಲ್ಲಾದರೂ ಧೈರ್ಯ ಮಾಡಿ ಗೆರೆ ದಾಟುತ್ತಾಳೇನೋ ಎಂದು ಒಳಗೊಳಗೇ ಬೇಡಿಕೊಂಡೆ. ಊಹೂಂ. ಇಸ್ತ್ರಿ ಹಾಕಿದ ಅಂಗಿಯ ಹಾಗೆ, ಬರೆದದ್ದನ್ನು ಬರೆದ ಹಾಗೇ ನುಡಿಸಿ ಮುಗಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ವೇದಿಕೆಯ ಹಿಂದೆ ಅಲಸ್ಟೇರ್ ನೆರಿಡಾಳ ಎರಡೂ ಕೈ ಹಿಡಿದುಕೊಂಡ. "ಆ ಪುಟಾನೇ ಕಣಮ್ಮಾ ಇಡೀ ಕೃತಿಯ ಜೀವ! ಅಚ್ಚು ಹಾಕಿಸ್ತೀನಿ. ಇನ್ಮೇಲೆ ಯಾರೇ ನುಡಿಸ್ಲಿ, ಅದ್ರಲ್ಲಿ ಒಂದು ಸ್ವರಾನೂ ಬದಲಾಯಿಸ್ಕೂಡದು."

ನೆರಿಡಾ ಸರಿಯೆಂದು ತಲೆಯಾಡಿಸಿದಳು. ಅವಳು ಬಿಟ್ಟಿದ್ದ ಖಾಲಿ ಜಾಗ ಇನ್ನು ಯಾರಿಗೂ ಸಿಗದ ಹಾಗೆ ಮುಚ್ಚಿಹೋಯಿತು. ಬರಿ ಅಂದವಳು ನಾನೇ ತಾನೆ.