ಅಂಗಿ ಮೇಲೆ ಬರೆಸಿದ ಬೈಗುಳ

ಗಂಡ ತೀರಿಕೊಂಡ ವರ್ಷ ಅತ್ತೆ ಅಂದ ‘ಮುಂಡೆ’ ಎಂಬ ಮಾತನ್ನು ಗಂಗೂಬಾಯಿ ಜೀವಮಾನವಿಡೀ ನುಂಗಿಕೊಂಡೇ ಬಂದಿದ್ದರು. ಈಗ ಮೊಮ್ಮಗಳು ಭಕ್ತಿ ಅದನ್ನೇ ಅಂಗಿಯ ಮೇಲೆ ದೊಡ್ಡದಾಗಿ ಬರೆಸಿಕೊಂಡು, ಮೆಹದಿಪಟ್ಟಣಂ ಬಡಾವಣೆಯಲ್ಲಿ ನಡೆಯುವ ತನ್ನ ಮಹಿಳಾ ಸಂಘದ ಸಭೆಗೆ ಅಜ್ಜಿಯನ್ನೂ ಕರೆದಳು.

“ನಾವೇ ಹೆಮ್ಮೆಯಿಂದ ಹೇಳ್ಕೊಂಡ್ರ ಬೈಗುಳದ ವಿಷ ಇಳೀತದ, ಅಜ್ಜಿ.”

ಗಂಗೂಬಾಯಿ ನಂಬಲಿಲ್ಲ. ವಿಷ ಕುಡಿದವಳು ನಾನು, ಇಳಿಯುವುದು ಇವರಿಗೆ ಹೇಗೆ ಗೊತ್ತಾದೀತು ಎಂದುಕೊಳ್ಳುತ್ತಲೇ ಆಟೋ ಹತ್ತಿದರು.

ಸಭೆಯ ಬಾಗಿಲಲ್ಲಿ ಭಕ್ತಿಯ ಗೆಳತಿ ಅಮಿತಾ, ಅದೇ ಅಂಗಿ ತೊಟ್ಟು, ಬಂದ ಹೆಂಗಸರಿಗೆಲ್ಲ ಅರಿಶಿನ ಕುಂಕುಮ ಕೊಡುತ್ತಿದ್ದಳು. ಗಂಗೂಬಾಯಿಯ ಬರಿಹಣೆ ಕಂಡದ್ದೇ ಅವಳ ತಟ್ಟೆ ತಾನಾಗಿ ಹಿಂದೆ ನಿಂತಿದ್ದ ಹೆಂಗಸಿನತ್ತ ಸರಿಯಿತು. ಇವರಿಗೆ ಬರೀ ಕೈಮುಗಿದಳು.

ಗಂಗೂಬಾಯಿ ಅವಳ ಅಂಗಿ ಮೇಲಿನ ಆ ಅಕ್ಷರಗಳನ್ನು ಬೆರಳಿಂದ ಮುಟ್ಟಿ ನೋಡಿದರು.

“ಭಾಳ ಛಂದ ಅದ, ತಂಗಿ. ನಿಂಗ ಮನಿಗೆ ಹೋಗಿ ಬಿಚ್ಚಿಡ್ಲಿಕ್ಕೆ ಬರ್ತದ.”