ಸಾಹೇಬರಿಗೆ ಹಾಕಿದ ಬಾಲ್

ಔರಾದಿನ ಮೈದಾನದಾಗ ನಾ ದೊಡ್ಡ ಬೌಲರ್. ಬೀದರಿನವರಿಗೆ ಮಾತ್ರ, ತಮ್ಮ ಬೌಲರಿಗೆ ಜ್ವರ ಬಂದಾಗಷ್ಟೇ ನನ್ನ ನೆನಪಾಗ್ತಿತ್ತು. ಅವನ ಜ್ವರ ಇಳೀತು ಅಂದ್ರ ನಾ ಮತ್ತ ಎತ್ತಿನ ಗಾಡ್ಯಾಗ ಔರಾದಕ್ಕ ವಾಪಸ್. ಬೀದರಿಗೆ ಹೋದಾಗ ಬಟ್ಟಿ ಗಂಟು ಬಿಚ್ಚೋದೇ ಬಿಟ್ಟಿದ್ದೆ.

ಒಂದ್ಸಲ ನಾ ಹಂಗ ಬೀದರಿಗೆ ಹೋಗಿದ್ದಾಗ ಹೈದರಾಬಾದಿನ ಟೀಮಿಗೆ ಬೌಲರ್ ಹುಡುಕ್ಕೋತ ಒಬ್ಬ ಸಾಹೇಬರು ಅಲ್ಲಿಗೆ ಬಂದ್ರು. ನನ್ನ ಕೈ ನೋಡಲಿಕ್ಕೆ ತಾವೇ ಬ್ಯಾಟ್ ಹಿಡಿದು ನಿಂತ್ರು. ನಮ್ಮ ಕಪ್ತಾನ ವಕೀಲರು ನನ್ನ ಕಿವ್ಯಾಗ, "ದೊಡ್ಡ ಅಧಿಕಾರಿ ಅದಾರ. ಔಟ್ ಮಾಡಿ ನಮ್ಮ ಮರ್ಯಾದಿ ಕಳೀಬ್ಯಾಡೋ ಮಾರಾಯಾ," ಅಂದ್ರು.

ಮೆತ್ತಗ ಹಾಕಿದೆ. ಸಾಹೇಬರು ಹೊಡದೇ ಹೊಡದ್ರು. ಕಡೀಕ ಬೆವರು ಒರಿಸಿಕೊಂಡು, "ಇವನ ಬಾಲ್ ನಮ್ಮ ಮನಿ ತೋಟದ ಮಾಲಿನೂ ಹೊಡೀತಾನ," ಅಂದ್ರು.

ನನ್ನ ತಲಿ ಕೆಟ್ಟಿತು. "ಹುಜೂರ್, ಇನ್ನೊಂದೇ ಬಾಲ್‌ರಿ," ಅಂದವನೇ ಓಡಿ ಬಂದು ಹಾಕಿದೆ. ನಡುವಿನ ಸ್ಟಂಪ್ ಕಿತ್ತುಕೊಂಡು ದೂರ ಹೋಗಿ ಬಿತ್ತು. ವಕೀಲರು ತಲಿ ತಗ್ಗಿಸಿದ್ರು.

"ಇಷ್ಟೊತ್ತನಕ ಇದನ್ಯಾಕ ಹಾಕಲಿಲ್ಲ?" ಸಾಹೇಬರು ಕೇಳಿದ್ರು.

"ದೊಡ್ಡವರ ಮುಂದ ಅದಬ್, ಮರ್ಯಾದಿ ಇರಬೇಕಲ್ರಿ, ಹುಜೂರ್."

ಸಾಹೇಬರು ನಕ್ಕರು. "ಬಾಲ್ ಭಾಳ ಚೊಲೋ ಅದ. ಆದ್ರ ಹೈದರಾಬಾದಿನಾಗ ದಿನಾ ಮುಂಜಾನಿ ನವಾಬರೇ ಬ್ಯಾಟ್ ಹಿಡೀತಾರ. ನಿನ್ನ ಅದಬ್ ಎಷ್ಟೊತ್ತು ನಿಲ್ತದ ಅಂತ ಈಗ ನೋಡಿದೆನಲ್ಲ."

ಗಂಟು ಕಟ್ಟೇ ಇತ್ತು, ಔರಾದಿನ ಗಾಡಿ ಹತ್ತಿದೆ.

ಮುಂದಿನ ವಾರ ಭಾಲ್ಕಿಯವರು ಆಡಲಿಕ್ಕೆ ಕರೆದ್ರು. ಬಾಲ್ ಕೈಗೆ ಬಂದಕೂಡ್ಲೇ ನಾ ಗಾಳಿನೂ ನೋಡಲಿಲ್ಲ, ನೆಲಾನೂ ನೋಡಲಿಲ್ಲ. "ಬ್ಯಾಟ್ ಹಿಡಿದವರ ನೌಕರಿ ಏನದರಿ?" ಅಂತ ಕೇಳಿದೆ.